ಹನ್ನೊಂದು ಅಂಕದ ಅತ್ತೆ

ಕುಟುಂಬ ನೆರವು ಮತ್ತು ಸಮುದಾಯ ಆರೋಗ್ಯ ಕಚೇರಿಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ಹೌದು, ಬಿಟ್ಟಿದ್ದೆ. ಬೆಳಿಗ್ಗೆ ಒಂಬತ್ತೂಕಾಲಿನಿಂದ ಮಧ್ಯಾಹ್ನ ಒಂದೂಕಾಲಿನವರೆಗೆ, ಸರಿಯಾಗಿ ನಾಲ್ಕು ಗಂಟೆ ಕಾಲ, ನನ್ನ ಅತ್ತೆಯನ್ನು ಒದ್ದೆ ಹಾಸಿಗೆಯಲ್ಲಿ ಬಿಟ್ಟಿದ್ದೆ. ಮರೆತು ಬಿಟ್ಟದ್ದಲ್ಲ, ಕೈಲಾಗದೆ ಬಿಟ್ಟದ್ದೂ ಅಲ್ಲ. ಹತ್ತು ಹೆಜ್ಜೆ ದೂರದ ಅಡುಗೆಮನೆಯಲ್ಲಿ ನಿಂತು, ಅವರು ಕರೆಯುವುದನ್ನು ಕೇಳಿಸಿಕೊಳ್ಳುತ್ತಾ, ಬೇಕೆಂದೇ ಬಿಟ್ಟಿದ್ದೆ. ಒಗೆದು ಒಣಗಿಸಿ ಮಡಚಿಟ್ಟ ಆರು ಬೆಡ್‌ಶೀಟು ಆಗ ಕಪಾಟಿನಲ್ಲಿದ್ದವು.

ತಮ್ಮ ಸಹಿಯಿರುವ ನೋಟಿಸು ಬಂದು ಇವತ್ತಿಗೆ ಹನ್ನೆರಡು ದಿನ. 'ವೃದ್ಧರ ಆರೈಕೆಯಲ್ಲಿ ನಿರ್ಲಕ್ಷ್ಯದ ಸೂಚನೆಗಳು ಕಂಡುಬಂದಿರುವುದರಿಂದ ಹದಿನೈದು ದಿನಗಳೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು' ಎಂದು ಅದರಲ್ಲಿದೆ. ಯಾವ ಸೂಚನೆ, ಯಾವ ದಿನದ್ದು, ಯಾರ ಕಣ್ಣಿಗೆ ಬಿದ್ದದ್ದು ಎಂಬುದು ಇಲ್ಲ. ಇರಲಿ, ಅಷ್ಟನ್ನು ನಾನೇ ಹುಡುಕಿ ಕೊಡುತ್ತೇನೆ. ಈ ಒಂದು ವರ್ಷದಲ್ಲಿ ತಮ್ಮ ಕಚೇರಿಗೆ ಸಂಬಂಧಿಸಿದ್ದನ್ನೆಲ್ಲ ನಾನೇ ಹುಡುಕಿಕೊಂಡಿದ್ದೇನೆ, ಕಚೇರಿ ಎಲ್ಲಿದೆ ಎಂಬುದನ್ನೂ ಸೇರಿಸಿ. ಸಮಜಾಯಿಷಿಯನ್ನು ತಮ್ಮ ವಿಳಾಸಕ್ಕೆ ಕಳಿಸದೆ ಪತ್ರಿಕೆಗೆ ಕೊಟ್ಟಿರುವುದಕ್ಕೆ ಕಾರಣ ಸರಳ. ತಮ್ಮ ವಿಳಾಸಕ್ಕೆ ಈ ಮೊದಲು ಕಳಿಸಿದ ಐದು ಕಾಗದಗಳಲ್ಲಿ ಒಂದಕ್ಕೂ ಉತ್ತರ ಬಂದಿಲ್ಲ. ಪತ್ರಿಕೆಯನ್ನಾದರೂ ತಾವು ಕಚೇರಿಯ ವೇಳೆಯಲ್ಲಿ ಓದುತ್ತೀರಿ ಎಂದು ಕೇಳಿದ್ದೇನೆ.

ಮೊದಲು ನನ್ನ ಅತ್ತೆಯ ವಿಷಯ ಹೇಳುತ್ತೇನೆ. ತಮ್ಮ ಕಡತದಲ್ಲಿ ಅವರೊಂದು ಸಂಖ್ಯೆ. ಮೂವತ್ತೊಂದು ವರ್ಷ ಅವರು ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿದ್ದರು. ನೆಲಮಾಳಿಗೆಯಲ್ಲಿ ಆರು ದೊಡ್ಡ ಯಂತ್ರ, ಕಿಟಕಿಯಿಲ್ಲದ ಗೋಡೆ, ವರ್ಷವಿಡೀ ಹಬೆ. ರಕ್ತ, ಕೀವು, ವಾಂತಿ, ಮನುಷ್ಯನ ಮೈಯಿಂದ ಏನೇನು ಬರುತ್ತದೋ ಅದೆಲ್ಲ ಅವರ ಕೈಮೇಲೆ ಹಾದುಹೋಗಿ ಬಿಳಿಯಾಗಿ ಮೇಲಿನ ಮಹಡಿಗಳಿಗೆ ಹೋಗುತ್ತಿತ್ತು. ಬೆಡ್‌ಶೀಟನ್ನು ಕೆನ್ನೆಗೆ ಒತ್ತಿ ನೋಡಿ ತೇವ ಪರೀಕ್ಷಿಸುವುದು ಅವರ ಅಭ್ಯಾಸ. ಕೈಗೆ ಗೊತ್ತಾಗದ ತೇವ ಕೆನ್ನೆಗೆ ಗೊತ್ತಾಗುತ್ತದೆ ಎನ್ನುತ್ತಿದ್ದರು. ನಾನು ಮದುವೆಯಾಗಿ ಬಂದ ಮೊದಲ ವಾರವೇ ನಾನು ಮಡಚಿದ ಬಟ್ಟೆಗಳನ್ನೆಲ್ಲ ಬಿಚ್ಚಿ ಮತ್ತೆ ಮಡಚಿಟ್ಟು, ನಿಮ್ಮಮ್ಮ ನಿನಗೆ ಮೂಲೆ ಎಂದರೇನು ಅಂತ ಹೇಳಿಕೊಡಲಿಲ್ಲವೇ ಎಂದು ಕೇಳಿದ ಮಹಾತಾಯಿ. ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವಳು. ಅದಕ್ಕೇ ನನ್ನನ್ನು ಅವರು ಕರೆಯುತ್ತಿದ್ದದ್ದು 'ಕನ್ನಡಕ' ಎಂದು. ಹದಿನಾಲ್ಕು ವರ್ಷ ಆ ಮನೆಯಲ್ಲಿ ನನಗೆ ಬೇರೆ ಹೆಸರೇ ಇರಲಿಲ್ಲ.

ಕಳೆದ ವರ್ಷ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸತ್ತವು. ಮಾತು ಉಳಿಯಿತು, ಸಿಟ್ಟೂ ಉಳಿಯಿತು, ಮೂತ್ರದ ಮೇಲಿನ ಹಿಡಿತ ಹೋಯಿತು. ಹನ್ನೊಂದು ದಿನ ಇಟ್ಟುಕೊಂಡು ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರು. ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು, ಒದ್ದೆಯಾದ ಕೂಡಲೇ ಬದಲಿಸಬೇಕು, ಡೈಪರ್ ಹಾಕಿದರೆ ಅವರ ಚರ್ಮ ತಡೆಯುವುದಿಲ್ಲ, ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟು ಕೈತೊಳೆದುಕೊಂಡರು. ನನ್ನ ಗಂಡ ದೂರದ ಲಾರಿ ಓಡಿಸುವವನು, ತಿಂಗಳಿಗೆ ಆರು ದಿನ ಮನೆಯಲ್ಲಿದ್ದರೆ ದೊಡ್ಡದು. ಅಂಗಡಿಯಿಂದ ಮನೆಗೆ ನಡೆದು ಇಪ್ಪತ್ತೈದು ನಿಮಿಷ. ಊಟದ ಬಿಡುವಿನಲ್ಲಿ ಓಡಿಬಂದು, ಬದಲಿಸಿ, ತಿರುಗಿಸಿ, ಎರಡು ತುತ್ತು ತಿನ್ನಿಸಿ, ನಾನು ತಿನ್ನದೆ ಓಡಿಹೋಗುತ್ತಿದ್ದೆ. ಅಷ್ಟು ಸಾಲಲಿಲ್ಲ. ಎರಡನೆಯ ತಿಂಗಳು ಸೊಂಟದ ಕೆಳಗೆ ಹಾಸಿಗೆ ಹುಣ್ಣು ಕಾಣಿಸಿಕೊಂಡಿತು, ಮೊದಲು ಗುಂಡಿಯಷ್ಟು. ನಮಗೆ ಬೇಕಾಗಿದ್ದದ್ದು ಇಷ್ಟೇ: ನಾನು ಕೆಲಸದಲ್ಲಿರುವಾಗ ಮೂರು ಗಂಟೆ ಹೊತ್ತು ಮನೆಗೆ ಬಂದು ಅವರನ್ನು ನೋಡಿಕೊಳ್ಳುವ ಒಬ್ಬರು.

ಅಂಥ ಸೇವೆ ಇದೆಯೇ ಎಂದು ತಿಳಿಯಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಆಸ್ಪತ್ರೆಯ ಕೌಂಟರಿನಲ್ಲಿ ಕೇಳಿದರೆ ಬಡಾವಣೆಯ ಆರೋಗ್ಯ ಕೇಂದ್ರಕ್ಕೆ ಹೋಗಿ ಎಂದರು. ಆರೋಗ್ಯ ಕೇಂದ್ರದ ನರ್ಸು, ಇದು ಆರೋಗ್ಯದ ವಿಷಯವಲ್ಲ, ಕುಟುಂಬದ ವಿಷಯ ಎಂದರು. ಕುಟುಂಬ ವಿಭಾಗದವರು ರೋಗಿ ಎಂದ ಮೇಲೆ ಆರೋಗ್ಯದ ವಿಷಯವೇ ಎಂದರು. ಇಬ್ಬರೂ ಹೇಳಿದ್ದು ಸರಿಯಾಗಿಯೇ ಇದ್ದಿರಬೇಕು, ಏಕೆಂದರೆ ಇಬ್ಬರೂ ಬಹಳ ಖಚಿತವಾಗಿ ಹೇಳಿದರು. ಹಿರಿಯರ ಶಾಖೆ ಎಂಬಲ್ಲಿ ಅತ್ತೆಯವರನ್ನು ಖುದ್ದಾಗಿ ಕರೆತಂದು ಹಾಜರುಪಡಿಸಿ ಎಂದರು. ಎದ್ದು ನಿಲ್ಲಲಾರದವರಿಗೆ ಮನೆಗೆ ಬರುವ ಸೇವೆ ಬೇಕೆಂದು ಕೇಳಲು ಅವರನ್ನೇ ಮೂರನೆಯ ಮಹಡಿಗೆ ಹೊತ್ತು ತರಬೇಕು. ಲಿಫ್ಟು ಕೆಟ್ಟಿತ್ತು, ಅದನ್ನು ಬೇರೆ ಹೇಳಬೇಕೇ? ಅಂಗಡಿಯಿಂದ ಒಂದೊಂದು ಗಂಟೆ ಕದ್ದು ನಾನು ಹೀಗೆ ಚಪ್ಪಲಿ ಸವೆಸುತ್ತಿದ್ದ ಹೊತ್ತಿನಲ್ಲಿ ಗುಂಡಿಯಷ್ಟಿದ್ದ ಹುಣ್ಣು ಅಂಗೈಯಷ್ಟಾಯಿತು.

ಕೊನೆಗೆ ಸೇವೆ ಸಿಕ್ಕಿದ್ದು ಹೇಗೆ ಗೊತ್ತೇ? ಒಂದು ದಿನ ಆರೋಗ್ಯ ಕೇಂದ್ರಕ್ಕೆ ಹೋದಾಗ ಊಟದ ಸಮಯವಾಗಿ ಬಾಗಿಲು ಮುಚ್ಚಿಕೊಂಡರು. ನನ್ನನ್ನು ಒಳಗಿನ ಬೆಂಚಿನಲ್ಲೇ ಕಾಯಲು ಬಿಟ್ಟಿದ್ದರು. ಮುಚ್ಚಿದ ಬಾಗಿಲಿನ ಹಿಂಬದಿಯಲ್ಲಿ, ಬಣ್ಣವೂ ಮಾಸದ ಒಂದು ದೊಡ್ಡ ಭಿತ್ತಿಪತ್ರ. 'ನಿಮ್ಮ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆಯೇ? ನಾವಿದ್ದೇವೆ!' ಎಂದು ನಗುವ ಒಂದು ಕುಟುಂಬದ ಚಿತ್ರ, ಕೆಳಗೆ ತಮ್ಮ ಕಚೇರಿಯ ವಿಳಾಸ. ಕೆಲಸದ ವೇಳೆಯಲ್ಲಿ ಆ ಬಾಗಿಲು ಗೋಡೆಗೆ ಒರಗಿ ತೆರೆದೇ ಇರುತ್ತದೆ, ಆದ್ದರಿಂದ ಭಿತ್ತಿಪತ್ರ ಗೋಡೆಯನ್ನು ನೋಡುತ್ತಿರುತ್ತದೆ. ಬಾಗಿಲು ಮುಚ್ಚಿದಾಗ ಮಾತ್ರ ಜನರಿಗೆ ಕಾಣುತ್ತದೆ. ಆ ಜಾಗ ಆರಿಸಿದವರು ಯಾರೋ, ಅವರಿಗೆ ತಾವು ಬಡ್ತಿ ಕೊಟ್ಟಿರಬಹುದು. ನಾನು ಅದೇ ಕೊಠಡಿಯಲ್ಲಿ ಅದಕ್ಕೆ ಮೊದಲು ಒಂಬತ್ತು ಸಲ ನಿಂತಿದ್ದೆ, ಒಂದು ಸಲ ಅದೇ ಬಾಗಿಲಿಗೆ ಒರಗಿಕೊಂಡು.

ಅರ್ಜಿ ಹಾಕಿದೆ. ಆರು ವಾರದ ಮೇಲೆ ಮನೆಭೇಟಿಯ ದಿನ ನಿಗದಿಯಾಯಿತು. ಇಲ್ಲಿ ನಮ್ಮದೊಂದು ತಪ್ಪಾಯಿತು, ಒಪ್ಪಿಕೊಳ್ಳುತ್ತೇನೆ. ಮನೆಗೆ ಹೊರಗಿನವರು ಬರುತ್ತಾರೆ ಎಂದು ತಿಳಿದದ್ದೇ ತಡ, ಅತ್ತೆ ಮಲಗಿದಲ್ಲಿಂದಲೇ ಆಡಳಿತ ಶುರುಮಾಡಿದರು. ಜೇಡರ ಬಲೆ ತೆಗೆಸಿದರು, ಕಿಟಕಿ ಒರೆಸಿಸಿದರು, ಔಷಧದ ಬಾಟಲಿಗಳನ್ನೆಲ್ಲ ಕಪಾಟಿನೊಳಗೆ ಇಡಿಸಿದರು. ವಾಸನೆ ಬರುತ್ತದೆಯೇ ಎಂದು ನನ್ನನ್ನು ಹೊರಗೆ ಕಳಿಸಿ ಮತ್ತೆ ಒಳಗೆ ಬಂದು ಮೂಸಿ ನೋಡಿ ಹೇಳಲು ಹೇಳಿದರು. ಭೇಟಿಯ ದಿನ ಒಳ್ಳೆಯ ಬಟ್ಟೆ ಹಾಕಿಸಿಕೊಂಡು, ತಲೆ ಬಾಚಿಸಿಕೊಂಡು, ಎರಡೂ ಪಕ್ಕ ದಿಂಬು ತುರುಕಿಸಿಕೊಂಡು ಕುರ್ಚಿಯಲ್ಲಿ ಕುಳಿತರು. ಸತ್ತ ಕೈಯ ಮೇಲೆ ಮಡಚಿದ ಟವೆಲು ಇಡಿಸಿಕೊಂಡರು. ಯಾರ ಮುಂದೆಯೂ ಮುದುಡಿಕೊಂಡು ಕೂತು ಅಭ್ಯಾಸವಿಲ್ಲದ ಹೆಂಗಸು, ಏನು ಮಾಡುವುದು?

ಬಂದ ಭೇಟಿ ಅಧಿಕಾರಿ ಸಭ್ಯ, ಎಳೆಯ ವಯಸ್ಸಿನವನು. ಚಪ್ಪಲಿ ಹೊರಗೆ ಬಿಟ್ಟು ಬಂದ. ಪ್ಯಾಡಿನ ಮೇಲೆ ಇಪ್ಪತ್ತೆರಡು ಪ್ರಶ್ನೆಗಳ ನಮೂನೆ. ಮೊದಲನೆಯ ಪ್ರಶ್ನೆ, ಹೇಗಿದ್ದೀರಿ ಅಮ್ಮಾ ಎಂದು.

“ಚೆನ್ನಾಗಿದ್ದೀನಪ್ಪ. ನೀನು ಚೆನ್ನಾಗಿದ್ದೀಯಾ? ಬಿಸಿಲಲ್ಲಿ ಬಂದಿದ್ದೀಯ, ಟೀ ಕುಡಿ ಮೊದಲು.”

ಊಟ ತಾವೇ ಮಾಡುತ್ತೀರಾ ಎಂದರೆ, ಮಾಡದೆ ಇನ್ನೇನು ಎಂದರು. ಸ್ನಾನ? ನನಗೇನಾಗಿದೆ? ಓಡಾಟ? ಅಷ್ಟಿಷ್ಟು. ಶೌಚದ ಪ್ರಶ್ನೆ ಬಂದಾಗ ಮುಖ ಕೆಂಪಾಗಿ, ಗಂಡುಮಕ್ಕಳು ಕೇಳುವ ಮಾತಲ್ಲ ಅದು ಎಂದುಬಿಟ್ಟರು. ಆತ 'ತೊಂದರೆಯಿಲ್ಲ' ಎಂದು ಗುರುತು ಹಾಕಿದ. ನಾನು ನಡುವೆ ಬಾಯಿಹಾಕಿದೆ, ಹುಣ್ಣು ತೋರಿಸುತ್ತೇನೆ ಎಂದೆ. ಆತ ಬಹಳ ಮೃದುವಾಗಿ, “ಅವರೇ ಹೇಳ್ಬೇಕು ಮೇಡಂ, ನಿಯಮ ಹಾಗಿದೆ,” ಎಂದ. ಹಾಗೆಂದು ಅವರ ಒಪ್ಪಿಗೆಯಿಲ್ಲದೆ ಬಟ್ಟೆ ಸರಿಸಿ ನೋಡುವಂತೆಯೂ ಇಲ್ಲವಂತೆ, ಅದಕ್ಕೂ ನಿಯಮವಿದೆಯಂತೆ. ಅತ್ತೆ ಆತನ ಎದುರು ಎಡಗೈಯಲ್ಲಿ ಟೀ ಲೋಟ ಎತ್ತಿ ಒಂದು ಹನಿಯೂ ಚೆಲ್ಲದೆ ಕುಡಿದು ಕೆಳಗಿಟ್ಟರು. ಆತ ಹೋದ ಮೇಲೆ ಅವರ ಕುತ್ತಿಗೆ ಒಂದು ಕಡೆಗೆ ಬಿತ್ತು, ಸಂಜೆಯವರೆಗೆ ಏಳಲಿಲ್ಲ. ತಲೆ ಎತ್ತಿದಾಗ ಮೊದಲು ಕೇಳಿದ್ದು ಒಂದೇ, ನಾನು ಮರ್ಯಾದೆಯಾಗಿ ಕಾಣುತ್ತಿದ್ದೆನೇ ಎಂದು.

ಮೂರು ವಾರಕ್ಕೆ ಫಲಿತಾಂಶ ಬಂತು. ನೂರಕ್ಕೆ ನಲವತ್ತು ಅಂಕ ಬಂದರೆ ಸೇವೆ, ನಮಗೆ ಬಂದದ್ದು ಹನ್ನೊಂದು. ಅದರಲ್ಲಿ ಹತ್ತು ವಯಸ್ಸಿನದು. ಉಳಿದ ಒಂದು ಅಂಕ ಯಾವ ಘನಕಾರ್ಯಕ್ಕೆ ಎಂದು ನನಗೆ ಇಂದಿಗೂ ತಿಳಿದಿಲ್ಲ, ಟೀ ಕೊಟ್ಟದ್ದಕ್ಕೆ ಇರಬಹುದು. ಷರಾ ಕಾಲಂನಲ್ಲಿ 'ಮನೆ ಸ್ವಚ್ಛವಾಗಿದೆ. ಅರ್ಜಿದಾರರು ಹಸನ್ಮುಖಿ. ಪಾನೀಯ ಸ್ವತಃ ಸೇವಿಸುತ್ತಾರೆ. ಅಗತ್ಯ ಕಂಡುಬಂದಿಲ್ಲ' ಎಂದಿತ್ತು. ಅತ್ತೆಗೆ ಓದಿ ಹೇಳಿದೆ. ಹಸನ್ಮುಖಿ ಎಂಬಲ್ಲಿ ಅವರಿಗೆ ಒಳಗೊಳಗೇ ಖುಷಿಯಾಯಿತು, ಮುಚ್ಚಿಟ್ಟುಕೊಂಡರು.

ಮಾನ್ಯರೇ, ನನ್ನ ಕಸುಬಿನ ಒಂದು ಮಾತು ಹೇಳಲೇ? ನಮ್ಮ ಅಂಗಡಿಗೆ ಬರುವವರನ್ನು ನಾವು ಕಣ್ಣು ಚೆನ್ನಾಗಿ ಕಾಣುತ್ತದೆಯೇ ಎಂದು ಕೇಳುವುದಿಲ್ಲ. ಕೇಳಿದರೆ ಎಲ್ಲರೂ ಕಾಣುತ್ತದೆ ಎನ್ನುತ್ತಾರೆ. ಕಂಬಕ್ಕೆ ಡಿಕ್ಕಿ ಹೊಡೆದು ಹಣೆ ಊದಿಸಿಕೊಂಡು ಬಂದವರೂ ಹಾಗೇ ಎನ್ನುತ್ತಾರೆ, ಕಂಬದ್ದೇ ತಪ್ಪು ಎನ್ನುತ್ತಾರೆ. ಅದಕ್ಕೇ ಗೋಡೆಯ ಮೇಲೆ ಅಕ್ಷರದ ಹಲಗೆ ತೂಗುಹಾಕಿ, ಒಂದು ಕಣ್ಣು ಮುಚ್ಚಿಸಿ, ಓದಿ ಎನ್ನುತ್ತೇವೆ. ಹತ್ತನೆಯ ತರಗತಿಯನ್ನೂ ದಾಟದ ನನ್ನಂಥವಳಿಗೆ ತಿಳಿಯುವ ಇಷ್ಟು ಸಣ್ಣ ವಿಷಯ, ಗೋಡೆ ತುಂಬ ಪದವಿಪತ್ರ ತೂಗುಹಾಕಿಕೊಂಡಿರುವ ತಮ್ಮ ಕಚೇರಿಗೆ ಏಕೆ ತಿಳಿಯಲಿಲ್ಲ? ಅಥವಾ ತಿಳಿದಿತ್ತೇ? 'ಚೆನ್ನಾಗಿದ್ದೀನಿ' ಎನ್ನುವುದನ್ನು ಬಿಟ್ಟು ಬೇರೇನೂ ಹೇಳಲು ಬಾರದ ಜನರನ್ನು ಹುಡುಕಿ ಹುಡುಕಿ ಅದೇ ಪ್ರಶ್ನೆ ಕೇಳಿದರೆ, ಊರಿನಲ್ಲಿ ಯಾರಿಗೂ ಏನೂ ಬೇಕಾಗಿಲ್ಲ ಎಂದು ವರ್ಷದ ವರದಿಯಲ್ಲಿ ನೆಮ್ಮದಿಯಾಗಿ ಬರೆಯಬಹುದಲ್ಲವೇ?

ಮೇಲ್ಮನವಿ ಸಲ್ಲಿಸಲು ತಮ್ಮ ಕಚೇರಿಗೆ ಬಂದೆ. ಮೂರನೆಯ ಕಿಟಕಿಯಲ್ಲಿ ನಿವೃತ್ತಿಗೆ ಹತ್ತಿರವಿರುವ ಒಬ್ಬ ಅಕ್ಕ ಕೂರುತ್ತಾರೆ. ನನ್ನ ಫಲಿತಾಂಶ ನೋಡಿದರು, ನನ್ನ ಮುಖ ನೋಡಿದರು, ಅತ್ತಿತ್ತ ನೋಡಿದರು. ಆಮೇಲೆ ಕಾಗದದ ಮೇಲೆ ತಲೆ ಬಗ್ಗಿಸಿಕೊಂಡೇ ಮೆಲ್ಲಗೆ ಹೇಳಿದರು.

“ಮುಂದಿನ ಸಲ ಮನೆ ಗುಡಿಸ್ಬೇಡಮ್ಮ. ಅವರನ್ನ ಇರೋ ಹಾಗೇ ಬಿಟ್ಬಿಡು. ಕಣ್ಣಿಗೆ ಕಂಡ್ರೆ ಮಾತ್ರ ಬರೀತಾರೆ.”

ದಯವಿಟ್ಟು ಆ ಅಕ್ಕನ ಮೇಲೆ ಕ್ರಮ ಕೈಗೊಳ್ಳಬೇಡಿ. ತಮ್ಮ ಕಟ್ಟಡದಲ್ಲಿ ಒಂದು ವರ್ಷದಲ್ಲಿ ನನಗೆ ಸಿಕ್ಕಿದ ಸರಿಯಾದ ಮಾಹಿತಿ ಅದೊಂದೇ. ಆಕೆ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ನಾನು ಒಳ್ಳೆಯ ಮನಸ್ಸಿನಿಂದಲೇ ಕೇಳಿಸಿಕೊಂಡದ್ದು. ಮುಂದೆ ನಡೆದದ್ದರಲ್ಲಿ ಕೆಟ್ಟ ಮನಸ್ಸಿನವರು ಯಾರೂ ಇಲ್ಲ, ತಮ್ಮ ಭೇಟಿ ಅಧಿಕಾರಿಯೂ ಅಲ್ಲ. ಕೆಟ್ಟವರೇ ಇಲ್ಲದೆ ಇಷ್ಟು ಕೆಟ್ಟದ್ದನ್ನು ನಡೆಸಿಕೊಂಡು ಹೋಗುವ ತಮ್ಮ ವ್ಯವಸ್ಥೆಯನ್ನು ಮೆಚ್ಚಲೇಬೇಕು.

ಎರಡನೆಯ ಭೇಟಿಗೆ ಮೂರು ತಿಂಗಳು ಕಾದೆವು. ಅಷ್ಟರಲ್ಲಿ ಅಂಗಡಿಯ ಯಜಮಾನರು ನನ್ನನ್ನು ಬೆಳಗಿನ ಪಾಳಿಗೆ ಮಾತ್ರ ಇಟ್ಟುಕೊಂಡು ಮಧ್ಯಾಹ್ನದ ಸ್ಟೂಲಿಗೆ ಬೇರೆಯವರನ್ನು ಕೂರಿಸಿದ್ದರು, ಇನ್ನೊಂದು ತಿಂಗಳು ನೋಡುತ್ತೇನೆ ಎಂದೂ ಹೇಳಿದ್ದರು. ಹುಣ್ಣಿನೊಳಗೆ ಬೆರಳಿನ ಒಂದು ಗಿಣ್ಣು ಇಳಿಯುವಷ್ಟು ಆಳವಾಗಿತ್ತು. ನಾನು ಅತ್ತೆಯ ಪಕ್ಕ ಕೂತು ನಮೂನೆಯ ಇಪ್ಪತ್ತೆರಡು ಪ್ರಶ್ನೆಗಳನ್ನೂ ಓದಿದೆ, ಯಾವುದಕ್ಕೆ ಎಷ್ಟು ಅಂಕ ಎಂದು ಹೇಳಿದೆ, ಎಲ್ಲದಕ್ಕೂ ಆಗುವುದಿಲ್ಲ ಎಂದು ಹೇಳಿ ಎಂದು ಕಾಲು ಹಿಡಿದೆ. ಅವರು ಮುಖ ತಿರುಗಿಸಿದರು. ಬಂದವರ ಮುಂದೆ ನನ್ನ ಉಚ್ಚೆಯ ಕಥೆ ಹೇಳಿಕೊಂಡು ಬೇಡಬೇಕೇ, ಅದಕ್ಕಿಂತ ಹುಣ್ಣೇ ವಾಸಿ ಎಂದರು. ನಾನೂ ಸಿಟ್ಟಿನಲ್ಲಿ, ನಿಮ್ಮ ಮರ್ಯಾದೆಗೆ ನನ್ನ ಕೆಲಸ ಹೋಗುತ್ತದೆ ಎಂದೆ. ಆವತ್ತು ಇಬ್ಬರೂ ಊಟ ಮಾಡಲಿಲ್ಲ. ಅವರ ಬಾಯಿ ನಂಬಿಕೊಂಡರೆ ಮತ್ತೆ ಹನ್ನೊಂದೇ ಗತಿ ಎಂದು ನನಗೆ ಅರ್ಥವಾಗಿತ್ತು.

ಭೇಟಿಯ ದಿನ ಹತ್ತರಿಂದ ಒಂದರ ನಡುವೆ ಬರುತ್ತೇವೆ ಎಂದು ತಿಳಿಸಿದ್ದಿರಿ. ಅಂಗಡಿಗೆ ರಜೆ ಹಾಕಿದೆ. ಮನೆ ಗುಡಿಸಲಿಲ್ಲ, ಲೋಟ ತೊಳೆಯಲಿಲ್ಲ. ಒಂಬತ್ತೂಕಾಲಿಗೆ ಒಳಗಿಂದ ಕೂಗು ಕೇಳಿಸಿತು. “ಏ ಕನ್ನಡಕಾ, ಬಟ್ಟೆ.” ನಾನು ಹೋಗಲಿಲ್ಲ. ಮಾಮೂಲಾಗಿ ಒಂದು ಕೂಗಿಗೆ ಓಡುವವಳು. ಎರಡನೆಯ ಸಲ ಕರೆದರು, ನಾನು ನಲ್ಲಿ ತಿರುಗಿಸಿ ನೀರು ಬಿಟ್ಟೆ, ಕೇಳಿಸಲಿಲ್ಲ ಎಂದು ಅವರು ಅಂದುಕೊಳ್ಳಲಿ ಎಂದು. ಮೂರನೆಯ ಸಲ ಕರೆದಾಗ ನಲ್ಲಿ ನಿಲ್ಲಿಸಿದ್ದೆ. ಅಂದರೆ ನನಗೆ ಕೇಳಿಸಿತೆಂದು ಅವರಿಗೂ ಗೊತ್ತಾಯಿತು. ಆಮೇಲೆ ಅವರು ಕರೆಯಲಿಲ್ಲ. ಹತ್ತಾಯಿತು, ಹನ್ನೊಂದಾಯಿತು. ಆತ ಈಗ ಬಂದಾನು, ಇನ್ನೈದು ನಿಮಿಷಕ್ಕೆ ಬಂದಾನು, ಈಗ ಬದಲಿಸಿಬಿಟ್ಟರೆ ಇಷ್ಟು ಹೊತ್ತು ಬಿಟ್ಟದ್ದೂ ದಂಡ ಎಂದು ಲೆಕ್ಕ ಹಾಕುತ್ತಾ ನಿಂತೆ. ಕಿಟಕಿಯಿಂದ ಬೀದಿ ನೋಡುತ್ತಿದ್ದೆ, ಪ್ಯಾಡು ಹಿಡಿದವರು ಯಾರಾದರೂ ಕಾಣುತ್ತಾರೆಯೇ ಎಂದು. ನನ್ನ ಮದುವೆಯ ದಿಬ್ಬಣಕ್ಕೂ ನಾನು ಹಾಗೆ ಕಾದಿರಲಿಲ್ಲ.

ಒಂದು ಗಂಟೆ ಹತ್ತು ನಿಮಿಷಕ್ಕೆ ತಮ್ಮ ಕಚೇರಿಯಿಂದ ಫೋನು ಬಂತು. ಇವತ್ತಿನ ಭೇಟಿಗಳೆಲ್ಲ ಮುಂದಕ್ಕೆ ಹೋಗಿವೆ, ಭೇಟಿ ಅಧಿಕಾರಿಗಳೆಲ್ಲರೂ ಬೆಳಿಗ್ಗೆಯಿಂದ ತರಬೇತಿಯಲ್ಲಿದ್ದಾರೆ ಎಂದರು. ಎಂಥ ತರಬೇತಿ ಎಂದು ಕೇಳಿದೆ, ಅದೇಕೆ ಕೇಳಿದೆನೋ. 'ಫಲಾನುಭವಿಗಳೊಂದಿಗೆ ಸಂವೇದನಾಶೀಲ ವರ್ತನೆ' ಎಂದರು. ತರಬೇತಿ ಚೆನ್ನಾಗಿ ನಡೆಯಿತೆಂದು ಆಶಿಸುತ್ತೇನೆ. ಮಧ್ಯಾಹ್ನದ ಊಟ ತಡವಾಗಲಿಲ್ಲ ತಾನೇ?

ನಾನು ಬಿಸಿನೀರು ತೆಗೆದುಕೊಂಡು ಒಳಗೆ ಹೋದೆ. ರಬ್ಬರ್ ಶೀಟಿನ ಮೇಲೆ ಎಲ್ಲ ತಣ್ಣಗಾಗಿ ನಿಂತಿತ್ತು. ಬಟ್ಟೆ ಹುಣ್ಣಿಗೆ ಅಂಟಿಕೊಂಡಿತ್ತು, ಬಿಡಿಸುವಾಗ ಚರ್ಮ ಕಿತ್ತುಬಂತು. ಒರೆಸಿ, ಔಷಧ ಹಚ್ಚಿ, ಒಣ ಬೆಡ್‌ಶೀಟು ಹಾಸಿ, ಮೂಲೆಗಳನ್ನು ಅವರು ಕಲಿಸಿದ ಹಾಗೆ ಒಳಕ್ಕೆ ಮಡಚಿದೆ. ಅವರು ಎಡಗೈಯಲ್ಲಿ ಬೆಡ್‌ಶೀಟಿನ ಅಂಚು ಎಳೆದು ಕೆನ್ನೆಗೆ ಒತ್ತಿಕೊಂಡು ನೋಡಿದರು. ಆಮೇಲೆ ಸೂರು ನೋಡುತ್ತಾ ಹೇಳಿದರು.

“ಮೂವತ್ತೊಂದು ವರ್ಷದಲ್ಲಿ ಒಂದು ಹೆಣಕ್ಕೂ ನಾನು ಒದ್ದೆ ಬಟ್ಟೆ ಕಳಿಸಿಲ್ಲ.”

ನಾನು ಕ್ಷಮಿಸಿ ಎಂದೆ. ತಮ್ಮ ಅಂಕದ ವಿಷಯ ಹೇಳಿದೆ, ತರಬೇತಿಯ ವಿಷಯ ಹೇಳಿದೆ, ಅತ್ತೆ ಎಂದೆ, ಅಮ್ಮಾ ಎಂದೆ. ಅವರು ಕಣ್ಣು ಮುಚ್ಚಿಕೊಂಡರು. ಆ ದಿನದಿಂದ ಅವರು ನನ್ನನ್ನು ಕರೆಯುವುದನ್ನೇ ಬಿಟ್ಟರು. ಕನ್ನಡಕ ಎಂಬ ಹೆಸರು ಆ ಮನೆಯಿಂದ ಹೋಯಿತು. ಬರೀ ಹೆಸರು ಹೋಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಒದ್ದೆಯಾದರೂ ಕರೆಯುವುದಿಲ್ಲ, ನೋವಾದರೂ ಕರೆಯುವುದಿಲ್ಲ, ಬಾಯಾರಿದರೂ ಇಲ್ಲ. ನಾನೇ ಗಳಿಗೆಗೊಮ್ಮೆ ಹೋಗಿ ಕೈಹಾಕಿ ನೋಡಬೇಕು. ಕೈಹಾಕಿದಾಗಲೆಲ್ಲ ಅವರು ಗೋಡೆ ನೋಡುತ್ತಾರೆ. ನಾನು ಅಂಗಡಿಯಲ್ಲಿದ್ದಾಗ ಅವರು ಎಷ್ಟು ಹೊತ್ತು ಹಾಗೆ ಮಲಗಿರುತ್ತಾರೋ ಯಾರಿಗೆ ಗೊತ್ತು?

ಐದು ವಾರದ ಮೇಲೆ ಅದೇ ಸಭ್ಯ ಅಧಿಕಾರಿ ಬಂದ. ಈ ಸಲ ನಾನು ಏನನ್ನೂ ಏರ್ಪಾಡು ಮಾಡಿರಲಿಲ್ಲ, ಗುಡಿಸಿದ ಮನೆ, ಒಣ ಹಾಸಿಗೆ. ಸೋತರೆ ಸೋಲಲಿ ಎಂದುಕೊಂಡಿದ್ದೆ. ತರಬೇತಿಯ ಫಲವಿರಬೇಕು, ಆತ ಈಗ ಮಂಚದ ಪಕ್ಕ ಮೊಣಕಾಲೂರಿ ಕುಳಿತು, ಹೇಗಿದ್ದೀರಿ ಅಮ್ಮಾ ಎಂದ. ಅತ್ತೆ, ಚೆನ್ನಾಗಿಲ್ಲ ಎಂದರು. ಊಟ? ಆಗಲ್ಲ. ಸ್ನಾನ? ಆಗಲ್ಲ. ಶೌಚ? ಹಾಸಿಗೆಯಲ್ಲೇ ಎಂದರು, ಕಣ್ಣಲ್ಲಿ ಕಣ್ಣಿಟ್ಟು. ಹುಣ್ಣು ತೋರಿಸುತ್ತೀರಾ ಎಂದರೆ ತಾವೇ ಎಡಗೈಯಿಂದ ಬಟ್ಟೆ ಸರಿಸಿದರು. ಆತ ಒಂದೇ ಸಲ ನೋಡಿ ಪ್ಯಾಡಿನ ಕಡೆ ಮುಖ ಮಾಡಿಕೊಂಡ. ಹತ್ತೊಂಬತ್ತನೆಯ ಪ್ರಶ್ನೆ, ಮನೆಯಲ್ಲಿ ನೋಡಿಕೊಳ್ಳುವವರು ಯಾರಾದರೂ ಇದ್ದಾರೆಯೇ ಎಂಬುದು. ಅದೊಂದಕ್ಕೇ ಮೂವತ್ತೈದು ಅಂಕ.

ಅತ್ತೆ ನನ್ನನ್ನು ನೋಡಿದರು. ಐದು ವಾರದಲ್ಲಿ ಅದೇ ಮೊದಲು.

“ಇಲ್ಲ. ಯಾರೂ ಇಲ್ಲ.”

ಆತ ತಬ್ಬಿಬ್ಬಾಗಿ ನನ್ನ ಕಡೆ ತಿರುಗಿ, ಹಾಗಾದರೆ ಇವರು ಎಂದು ಕೇಳಿದ.

“ಇವರಾ? ಇವರು ಕನ್ನಡಕದ ಅಂಗಡಿಯೋರು.”

ನಾನು ಬಾಯಿ ತೆರೆಯಲಿಲ್ಲ. ಅವರೇ ಹೇಳಬೇಕು, ನಿಯಮ ಹಾಗಿದೆ. ಆತ ಅಂಕ ಹಾಕಿಕೊಂಡ. ಅದು ನನ್ನ ಮೇಲಿನ ಸಿಟ್ಟೋ ಅಥವಾ ನನಗೆ ಮಾಡಿದ ಉಪಕಾರವೋ ಇವತ್ತಿಗೂ ನನಗೆ ತಿಳಿದಿಲ್ಲ. ಯಾವುದಕ್ಕೆ ಎಷ್ಟು ಅಂಕ ಎಂದು ಅವರಿಗೆ ಗೊತ್ತಿತ್ತು, ನಾನೇ ಕೂತು ಪಾಠ ಮಾಡಿದ್ದೆ. ಕೇಳಿಯೂ ನೋಡಿದೆ. ಗೋಡೆಯ ಕಡೆ ತಿರುಗಿಕೊಂಡರು. ಎರಡೂ ಇರಬಹುದು. ಎರಡೂ ಇದ್ದರೆ ಸಹಿಸುವುದು ಇನ್ನೂ ಕಷ್ಟ.

ಎಪ್ಪತ್ತೆಂಟು ಅಂಕ ಬಂತು. ತಮ್ಮ ಲಕೋಟೆ ಬಂದಾಗ ಅದರೊಳಗೆ ಎರಡು ಕಾಗದಗಳಿದ್ದವು, ಎರಡಕ್ಕೂ ತಮ್ಮದೇ ಸಹಿ, ಒಂದೇ ದಿನಾಂಕ. ಮೊದಲನೆಯದು ಮಂಜೂರಾತಿ. 'ಮನೆಯಲ್ಲಿ ಆರೈಕೆ ಮಾಡುವವರು ಯಾರೂ ಇಲ್ಲದಿರುವುದರಿಂದ' ದಿನಕ್ಕೆ ಮೂರು ಗಂಟೆ ಸಹಾಯಕಿಯನ್ನು ಒದಗಿಸಲಾಗಿದೆ. ಎರಡನೆಯದು ನನ್ನ ಹೆಸರಿಗೆ ನೋಟಿಸು, ಆರೈಕೆ ಮಾಡಬೇಕಾದವಳು ಸರಿಯಾಗಿ ಮಾಡಿಲ್ಲ ಎಂದು. ಒಂದು ಕಾಗದದಲ್ಲಿ ನಾನು ಇಲ್ಲ. ಇನ್ನೊಂದರಲ್ಲಿ ಇದ್ದೇನೆ, ತಪ್ಪಿತಸ್ಥಳಾಗಿ. ಸಹಿ ಹಾಕುವಾಗ ಮೇಲಿನ ಕಾಗದ ಸ್ವಲ್ಪ ಸರಿದಿದ್ದರೂ ಕೆಳಗಿನದು ಕಾಣುತ್ತಿತ್ತು. ತಮಗೆ ಕನ್ನಡಕ ಬೇಕಿದ್ದರೆ ನಮ್ಮ ಅಂಗಡಿಗೆ ಬನ್ನಿ, ತಮಗೆ ಚೆನ್ನಾಗಿ ಕಾಣುತ್ತದೆಯೇ ಎಂದು ನಾನು ಕೇಳುವುದಿಲ್ಲ.

ಸಹಾಯಕಿ ಬರಲಾರಂಭಿಸಿ ಹತ್ತು ದಿನವಾಯಿತು. ಕೈಗುಣವಿರುವ ಹೆಂಗಸು, ಹೊತ್ತಿಗೆ ಸರಿಯಾಗಿ ಬರುತ್ತಾರೆ, ಬೆಡ್‌ಶೀಟಿನ ಮೂಲೆ ಮಡಚುವುದನ್ನು ಅತ್ತೆಯಿಂದ ಬೈಸಿಕೊಂಡು ಕಲಿಯುತ್ತಿದ್ದಾರೆ. ಹುಣ್ಣಿನ ಅಂಚು ಒಣಗುತ್ತಿದೆ. ನನಗೆ ಮಧ್ಯಾಹ್ನದ ಸ್ಟೂಲು ಮರಳಿ ಸಿಕ್ಕಿದೆ. ಮೊನ್ನೆ ಬೇಗ ಮನೆಗೆ ಬಂದಾಗ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡೆ, ಹೇಗಿದ್ದೀರಿ ಅಂತ ಆಕೆ ಕೇಳಿದ್ದಕ್ಕೆ ಅತ್ತೆ ಚೆನ್ನಾಗಿದ್ದೀನಿ ಎಂದರು, ಹಳೆಯ ದನಿಯಲ್ಲಿ. ನಾನು ಒಳಗೆ ಹೋದೆ. ಅವರು ಮಾತು ನಿಲ್ಲಿಸಿದರು.

ಇದು ನನ್ನ ಸಮಜಾಯಿಷಿ. ಇನ್ನು ನನ್ನ ಬೇಡಿಕೆ. ಆ ಭಿತ್ತಿಪತ್ರವನ್ನು ಬಾಗಿಲಿನಿಂದ ಕಿತ್ತು ಗೋಡೆಗೆ ಅಂಟಿಸಿ, ಅಂಟು ನಾನೇ ತರುತ್ತೇನೆ. ಹಾಸಿಗೆಯ ಪಕ್ಕ ನಿಂತವರಿಗೆ ಬಾಯಿ ಇದೆ ಎಂಬುದನ್ನು ನಿಯಮದಲ್ಲಿ ಸೇರಿಸಿ. ನಮೂನೆಯ ಮೊದಲ ಪ್ರಶ್ನೆಯನ್ನು ಹೊಡೆದುಹಾಕಿ, ಅದನ್ನು ಕೇಳುವ ಯೋಗ್ಯತೆ ತಮ್ಮ ಕಚೇರಿಗಿಲ್ಲ. ಇವಕ್ಕೆಲ್ಲ ಸಮಿತಿ, ಸಭೆ, ವರ್ಷಗಳು ಬೇಕಾಗುತ್ತವೆ ಎಂದು ಬಲ್ಲೆ, ಆತುರವಿಲ್ಲ. ಆದರೆ ಒಂದಕ್ಕೆ ಮಾತ್ರ ಆತುರವಿದೆ. ಮಂಜೂರಾತಿಯ ಹಿಂಬದಿಯಲ್ಲಿ, ಸಣ್ಣ ಅಕ್ಷರದಲ್ಲಿ, ತೊಂಬತ್ತು ದಿನಕ್ಕೊಮ್ಮೆ ಮರುಮೌಲ್ಯಮಾಪನ ನಡೆಯುತ್ತದೆ, ಸ್ಥಿತಿ ಸುಧಾರಿಸಿದ್ದಲ್ಲಿ ಸೇವೆಯನ್ನು ಹಿಂಪಡೆಯಲಾಗುತ್ತದೆ ಎಂದಿದೆ. ಹುಣ್ಣು ಒಣಗುತ್ತಿದೆ ಎಂದು ಹೇಳಿದೆನಲ್ಲ. ಈ ಲೆಕ್ಕದಲ್ಲಿ ತಮ್ಮ ಅಧಿಕಾರಿ ಬರುವ ಹೊತ್ತಿಗೆ ಅದು ವಾಸಿಯಾಗಿಬಿಟ್ಟಿರುತ್ತದೆ, ಅತ್ತೆ ಒಳ್ಳೆಯ ಬಟ್ಟೆ ಹಾಕಿಕೊಂಡು ಕುರ್ಚಿಯಲ್ಲಿ ಕೂತಿರುತ್ತಾರೆ. ಆದ್ದರಿಂದ ಆ ದಿನ, ಸೇವೆ ಉಳಿಯಬೇಕಾದರೆ, ಅವರನ್ನು ಎಷ್ಟು ಗಂಟೆ ಒದ್ದೆಯಲ್ಲಿ ಬಿಡಬೇಕು ಎಂಬುದನ್ನು ಹದಿನೈದು ದಿನಗಳೊಳಗೆ ಲಿಖಿತವಾಗಿ ತಿಳಿಸತಕ್ಕದ್ದು. ಹೋದ ಸಲ ನಾನೇ ಅಂದಾಜಿನ ಮೇಲೆ ನಾಲ್ಕು ಗಂಟೆ ಬಿಟ್ಟಿದ್ದೆ. ಈ ಸಲ ತಮ್ಮ ಸಹಿ ಬೇಕು.

ಇಂತಿ,
ತಮ್ಮ ಮಂಜೂರಾತಿಯ ಪ್ರಕಾರ ಮನೆಯಲ್ಲಿ ಇಲ್ಲದವಳು,
ಕನ್ನಡಕದ ಅಂಗಡಿಯವಳು